ಮುಳ್ಳಿನ ಕೆಮ್ಮು

ಬಚ್ಚಲಮನೆಯಲ್ಲಿ ಅವನ ತಮ್ಮ ಗಂಟಲು ಕೆರೆದುಕೊಳ್ಳತೊಡಗಿದಾಗ ಅವನು ಹಾಸಿಗೆಯಲ್ಲೇ ಮಗ್ಗುಲು ಬದಲಿಸಿ ದಿಂಬನ್ನು ಕಿವಿಗೆ ಒತ್ತಿಕೊಂಡ. ದಿಂಬಿನಿಂದ ಏನೂ ಉಪಯೋಗವಿಲ್ಲವೆಂದು ಗೊತ್ತಿತ್ತು. ಮೊದಲು ನಲ್ಲಿ ಬಿಟ್ಟ ಸದ್ದು, ಆಮೇಲೆ ಎದೆಯ ತಳದಿಂದ ಏನನ್ನೋ ಎಳೆದೆಳೆದು ತರುವ ಸದ್ದು, ಅದು ಅರ್ಧ ದಾರಿಗೆ ಬಂದು ಜಾರಿ ಹಿಂದಕ್ಕೆ ಹೋದದ್ದು, ಮತ್ತೆ ಎಳೆದದ್ದು, ಕೊನೆಗೆ ಬೇಸಿನ್ನಿಗೆ ಬಿದ್ದದ್ದು. ಒಂದೊಂದು ಹಂತವೂ ತನ್ನ ಗಂಟಲಲ್ಲೇ ನಡೆಯುತ್ತಿರುವಂತೆ ಅವನಿಗೆ ಅನ್ನಿಸಿತು. ಇಷ್ಟು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿಲ್ಲ. ತಮ್ಮನೇನೋ ಅಚ್ಚುಕಟ್ಟಿನ ಮನುಷ್ಯ. ಬೇಸಿನ್ನನ್ನು ಬ್ರಷ್ಷು ಹಾಕಿ ಉಜ್ಜಿ, ನೀರು ಹೊಯ್ದು, ಗಾಳಿಯಾಡಲೆಂದು ಬಾಗಿಲು ತೆರೆದಿಟ್ಟೇ ಹೊರಗೆ ಬರುತ್ತಾನೆ. ಆದರೂ ಅಣ್ಣ ತಾನು ಹಲ್ಲುಜ್ಜುವ ಮುಂಚೆ ತಪ್ಪದೆ ಇನ್ನೊಂದಷ್ಟು ನೀರನ್ನು ದಬದಬ ಸುರಿಯುತ್ತಾನೆ. ಗೋಡೆಯ ಆಚೆ ಅಡುಗೆಮನೆಯಲ್ಲಿ ಕೂತ ತಮ್ಮನಿಗೆ ಆ ಸದ್ದು ಕೇಳಿಸುತ್ತದೆ. ಕೇಳಿಸಲಿ ಎಂದೇ ಸುರಿಯುತ್ತೇನೋ ಎಂದು ಒಮ್ಮೊಮ್ಮೆ ತನ್ನನ್ನೇ ಕೇಳಿಕೊಂಡು, ಉತ್ತರ ಬರುವ ಮುಂಚೆ ಬಾಯಿಗೆ ಬ್ರಷ್ಷು ತುರುಕಿಕೊಳ್ಳುತ್ತಾನೆ.

"ರೀ, ಬೇಸಿನ್ ಒಡೆದು ಹೋದೀತು," ಎಂದಳು ಹೆಂಡತಿ. ಅಂಚೆ ಕಚೇರಿಯ ಕೌಂಟರಿಗೆ ಹೊರಡುವ ಗಡಿಬಿಡಿಯಲ್ಲಿ ಅವಳು ಒಂದು ಕೈಯಲ್ಲಿ ಕೂದಲು ಹಿಡಿದು ಇನ್ನೊಂದರಲ್ಲಿ ಪಿನ್ನು ಹುಡುಕುತ್ತಿದ್ದಳು.

"ಬೆಳಗಾಗೆದ್ದು ಆ ಸದ್ದು ಕೇಳಿದ್ರೆ ತಿಂಡಿ ಸೇರತ್ತಾ?"

"ನಿಮ್ಮ ತಮ್ಮ ಕೆಮ್ಮಿದ್ರೆ ಗಲೀಜು. ನಿಮ್ಮ ಆ ರೆಕಾರ್ಡಿನ ಹೆಂಗಸು ಕೆಮ್ಮಿದ್ರೆ ಕಣ್ಮುಚ್ಕೊಂಡು ಕೇಳ್ತೀರಿ."

"ಅದು ಬೇರೆ."

"ಏನು ಬೇರೆ? ಅದು ಸ್ಟೀರಿಯೋನಾ?"

ಅಡುಗೆಮನೆಯಲ್ಲಿ ತಮ್ಮ ನಕ್ಕ. ಅವನ ನಗುವಿನ ತಳದಲ್ಲೂ ನೀರು ನಿಂತಿದ್ದ ಹಾಗೆ ಗೊರಗೊರ ಸದ್ದು. ಡಬ್ಬಿ ಹಿಡಿದು ಹೊರಬಂದು, "ಬರ್ತೀನಿ ಅಣ್ಣ," ಎಂದು ಮೆಟ್ಟಿಲಿಳಿದ. ಊರ ಈಜುಕೊಳದಲ್ಲಿ ಟಿಕೆಟ್ಟು ಹರಿಯುವುದು, ನೀರಿಗೆ ಔಷಧಿ ಹಾಕುವುದು ಅವನ ಕೆಲಸ. ಅವನು ಹಾದು ಹೋದ ಕಡೆಯಲ್ಲೆಲ್ಲ ಕ್ಲೋರಿನ್ನಿನ ವಾಸನೆ ಸ್ವಲ್ಪ ಹೊತ್ತು ಉಳಿಯುತ್ತದೆ. ಐವತ್ತು ದಾಟಿದ ಗಂಡಸು, ಮದುವೆಯಿಲ್ಲ, ಮಕ್ಕಳಿಲ್ಲ, ಎಡಗಡೆಯ ಶ್ವಾಸಕೋಶ ಅರ್ಧ ಇಲ್ಲ. ಸಿಟ್ಟಿಲ್ಲದೆ ಹೇಗೆ ಬದುಕುತ್ತಾನೆ ಇವನು ಎಂದು ಯೋಚಿಸಿದರೆ ಅವನಿಗೆ ತಮ್ಮನ ಮೇಲೆ ಕರುಣೆ ಬರುವ ಬದಲು ಮೈ ಉರಿಯುತ್ತಿತ್ತು.

ತನ್ನ ಹಲ್ಲಿನ ಲ್ಯಾಬಿಗೆ ಹೊರಡುವ ಮುಂಚೆ ಹಾಡಿನ ರೆಕಾರ್ಡುಗಳ ಕೋಣೆಗೆ ಒಮ್ಮೆ ಹೋಗಿ ಬರುವುದು ಅವನ ಅಭ್ಯಾಸ. ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವುದು ಹಳೆಯ ರಟ್ಟಿನ ವಾಸನೆ: ಯಾರದೋ ಮನೆಯ ತೇವ, ಯಾರದೋ ಬೆರಳಿನ ಜಿಡ್ಡು, ಯಾರೋ ಎಂದೋ ಸೇದಿದ ಸಿಗರೇಟು. ಒಂದು ಕಾಲಕ್ಕೆ ಈ ವಾಸನೆಗೇ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಸತ್ತವರ ಬಟ್ಟೆಯ ಗಂಟು ಬಿಚ್ಚಿದ ಹಾಗಾಗುತ್ತದೆ. ಕೆಳಗಿನ ಸಾಲುಗಳಲ್ಲಿ ರಾಕ್. ಮದುವೆ ಆಲ್ಬಮ್ಮಿನಂತೆ ಎರಡು ಮಡಿಕೆಯಾಗಿ ತೆರೆದುಕೊಳ್ಳುವ ದಪ್ಪ ಹೊದಿಕೆಗಳು, ಅಂಗಿಯ ಗುಂಡಿ ಬಿಚ್ಚಿ ಎದೆಗೂದಲು ತೋರಿಸಿಕೊಂಡು ನಿಂತ ಗಂಡಸರು, ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ ಮುಗಿದರೂ ಮಾತು ನಿಲ್ಲಿಸದ ಗಿಟಾರು. ಊಟವಾದ ಮೇಲೆ ತನ್ನ ಯೌವನದ ಪ್ರತಾಪ ಹೇಳಿಕೊಳ್ಳುತ್ತ ಯಾರನ್ನೂ ಏಳಗೊಡದ ದೊಡ್ಡಪ್ಪನ ಹಾಗೆ ಆ ಗಿಟಾರುಗಳು. ಮೇಲಿನ ಸಾಲುಗಳಲ್ಲಿ ಪಂಕ್, ಆ ರಾಕಿಗೆ ತಿರುಗಿಬಿದ್ದ ಹುಡುಗರ ಸಂಗೀತ. ತೆಳ್ಳನೆಯ ಹೊದಿಕೆ, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಅಕ್ಷರಗಳು, ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದು ಹೋಗುವ ಹಾಡುಗಳು. ಮೂರೇ ಸ್ವರ, ಅದರಲ್ಲೂ ಒಂದು ತಪ್ಪು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆ ತಪ್ಪು ಸ್ವರವೇ ಅವನಿಗೆ ಬಾಗಿಲು ತೆರೆದಂತೆ ಕಂಡಿತ್ತು. ದೊಡ್ಡಪ್ಪಂದಿರ ಗಿಟಾರಿಗೆ ಬೆನ್ನು ತಿರುಗಿಸಿ, ಎಲ್ಲವನ್ನೂ ಒಡೆದು ಹಾಕಿ ಎಂದು ಕಿರುಚುವವರ ಹಿಂದೆ ಹೋಗಿದ್ದ. ಒಡೆದು ಹಾಕಿ ಎಂದ ಅದೇ ಹಾಡುಗಳನ್ನು ಈಗ ಒಡೆಯದಂತೆ, ಗೀರು ಬೀಳದಂತೆ, ಬಿಸಿಲು ತಾಗದಂತೆ ಪಾಲಿಥಿನ್ ಕವರಿನಲ್ಲಿಟ್ಟು ಕಾಯುತ್ತಿದ್ದಾನೆ. ಯಾರದೋ ಸಿಟ್ಟಿನ ಮೇಲಿನ ಧೂಳನ್ನು ಮಖಮಲ್ಲಿನ ಬ್ರಷ್ಷಿನಲ್ಲಿ ಒರೆಸುತ್ತಾನೆ. ಕೇಳುವುದಂತೂ ಅಪರೂಪ. ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು, ಹಾಡು ಮುಗಿದ ಮೇಲಿನ ಖಾಲಿ ಉಂಗುರದಲ್ಲಿ ಎಷ್ಟನೆಯ ಅಚ್ಚೆಂದು ತಿಳಿಸಲು ಕೆತ್ತಿದ ಅಂಕಿಗಳನ್ನು ಓದಿ, ಮತ್ತೆ ಒಳಗಿಡುತ್ತಾನೆ. ಹೆಣದ ಕಾಲ್ಬೆರಳಿಗೆ ಕಟ್ಟಿದ ಚೀಟಿ ಓದಿದ ಹಾಗೆ ಎಂದು ಅವನಿಗೇ ಅನ್ನಿಸಿದೆ.

ತಿಂಗಳಿಗೊಮ್ಮೆ ಟೈರು ಅಂಗಡಿಯ ಮಹಡಿಯಲ್ಲಿ ಸಂಗ್ರಾಹಕರು ಸೇರುತ್ತಾರೆ. ಎಲ್ಲರೂ ಹೊಟ್ಟೆ ಬಂದವರು, ಕನ್ನಡಕದವರು, ಮಂಡಿ ನೋವಿನವರು. ಒಬ್ಬ ಬಿಳಿ ಕೈಗವಸು ತೊಡದೆ ಏನನ್ನೂ ಮುಟ್ಟುವುದಿಲ್ಲ, ಇನ್ನೊಬ್ಬ ಹೊದಿಕೆಯೊಳಗೆ ಮೂಗಿಟ್ಟು ನಾಯಿಯಂತೆ ಮೂಸುತ್ತಾನೆ. ತಾನೂ ಅವರ ನಡುವೆ ಕೂತು ಬಿಸ್ಕತ್ತು ಅದ್ದಿಕೊಂಡು ತಿನ್ನುವವನೇ ಎಂಬುದು ನೆನಪಾದರೆ ಬಿಸ್ಕತ್ತು ಬಾಯಲ್ಲಿ ಮಣ್ಣಾಗುತ್ತಿತ್ತು. ಹೋದ ಸಲ ಅಲ್ಲಿ ಅವನಿಗೆ ಅವಮಾನವಾಯಿತು. ಅವನ ಹತ್ತಿರ ಇದ್ದ ಅತ್ಯಂತ ಬೆಲೆಬಾಳುವ ರೆಕಾರ್ಡು, ಇದೇ ಊರಿನ ಒಂದು ಪಂಕ್ ತಂಡದ್ದು, ಆ ತಂಡ ಮಾಡಿದ ಒಂದೇ ಒಂದು ರೆಕಾರ್ಡು. ಹಾಡುಗಾರ್ತಿಯನ್ನು ಎಲ್ಲರೂ 'ಮುಳ್ಳು' ಎಂದು ಕರೆಯುತ್ತಿದ್ದರು. ಮೊದಲ ಹಾಡು ಶುರುವಾಗುವ ಮುಂಚೆ ಅವಳು ಅದರಲ್ಲಿ ಕೆಮ್ಮುತ್ತಾಳೆ: ಎರಡು ಸಣ್ಣ ಕೆಮ್ಮು, ಒಂದು ಎಳೆದ ಕೆಮ್ಮು, ಉಗುಳು ನುಂಗಿದ ಸದ್ದು, ಆಮೇಲೆ ರೇಗಿದವಳಂತೆ ಒಂದು "ಹ್ಞೂಂ". ಅದರ ಹಿಂದೆಯೇ ಡ್ರಮ್ಮು. ರೆಕಾರ್ಡು ಕೆಟ್ಟಿದೆ ಎಂದು ಕೊಂಡವರು ವಾಪಸು ತಂದುಕೊಟ್ಟದ್ದರಿಂದ ಎರಡನೆಯ ಅಚ್ಚಿನಲ್ಲಿ ಕಂಪನಿಯವರು ಕೆಮ್ಮನ್ನು ಕತ್ತರಿಸಿ ತೆಗೆದರಂತೆ. ಹಾಗಾಗಿ ಕೆಮ್ಮು ಇರುವುದೇ ಮೊದಲನೆಯ ಅಚ್ಚು. ಅವನದು ಕೆಮ್ಮು ಇರುವುದೇ, ಆದರೆ ಕೈಗವಸಿನವನು ಹೊದಿಕೆಯನ್ನು ತಿರುಗಿಸಿ ನೋಡಿ, "ತಟ್ಟೆ ಮೊದಲನೇದು, ಕವರ್ ಎರಡನೇದು. ಯಾರೋ ಜೋಡಿ ಮಾಡಿ ನಿಮಗೆ ದಾಟಿಸಿದ್ದಾರೆ ಸಾರ್," ಎಂದಾಗ ಸುತ್ತಲಿದ್ದವರು ಸಾವಿನ ಮನೆಗೆ ಬಂದವರಂತೆ ತಲೆಯಾಡಿಸಿದ್ದರು. ಆ ತಲೆಯಾಡಿಸುವಿಕೆ ವಾರಗಟ್ಟಲೆ ಅವನ ಊಟದ ಎದುರು ಬಂದು ಕೂರುತ್ತಿತ್ತು. ಅದಕ್ಕಿಂತ ಅಸಹ್ಯ, ಅದರಿಂದ ತನಗೆ ನೋವಾದದ್ದು.

ಅವನ ಹೊಟ್ಟೆಪಾಡು ಹಲ್ಲು. ಡಾಕ್ಟರುಗಳು ಬಾಯಿಯ ಅಳತೆಯ ಅಚ್ಚು ತೆಗೆದು ಕಳಿಸುತ್ತಾರೆ. ಅವನು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಮಾಡಿ, ಮೇಣದಲ್ಲಿ ಹಲ್ಲು ಜೋಡಿಸಿ, ಕೊನೆಗೆ ಗುಲಾಬಿ ಬಣ್ಣದ ವಸಡಿನ ಸಮೇತ ಸೆಟ್ಟು ಮಾಡಿ ಕೊಡುತ್ತಾನೆ. ಜನರ ಬಾಯಿ ಕಂಡರಾಗದ್ದಕ್ಕೇ ಈ ಕೆಲಸ ಹಿಡಿದದ್ದು ಎಂದರೆ ಯಾರೂ ನಂಬುವುದಿಲ್ಲ. ಬಾಯಿಯ ಆಕಾರ ಬರುತ್ತದೆ, ಬಾಯಿ ಬರುವುದಿಲ್ಲ. ಆದರೂ ಅಚ್ಚುಗಳಿಗೆ ಒಣಗಿದ ಉಗುಳಿನ ಪೊರೆ ಅಂಟಿಕೊಂಡಿರುತ್ತದೆ, ಒಮ್ಮೊಮ್ಮೆ ರಕ್ತದ ಎಳೆ. ಬೆಳಗಿನ ಮೊದಲ ಕೆಲಸವೇ ಅದನ್ನು ನಲ್ಲಿಯ ಕೆಳಗೆ ಹಿಡಿಯುವುದು. ಆ ದಿನ ನಾಲ್ಕನೆಯದನ್ನು ತೊಳೆಯುತ್ತಿದ್ದಾಗ ಕೆಳಗಿನ ಬೀದಿಯ ದಂತವೈದ್ಯೆ ಫೋನು ಮಾಡಿದಳು.

"ಸರ್, ಒಬ್ಬರನ್ನ ನಿಮ್ಮ ಹತ್ರಾನೇ ಕಳಿಸ್ತಿದೀನಿ. ಮೇಣದ ಟ್ರಯಲ್ ಎರಡು ಸಲ ಆಯ್ತು, 'ಸ' ಸರಿಯಿಲ್ಲ ಅಂತಾರೆ. ನನ್ನ ತಲೆ ತಿಂದು ಹಾಕಿದಾರೆ. ನೀವೇ ಒಂದ್ಸಲ ಕೇಳಿ ನೋಡಿ."

"ಮೇಡಂ, ಪೇಷೆಂಟು ಇಲ್ಲಿಗೆ ಬರೋದು ಬೇಡ ಅಂತ ಹೇಳಿದ್ನಲ್ಲ."

"ಹೊರಟಾಯ್ತು ಸರ್. ಮೆಟ್ಟಿಲ ಮೇಲಿರ್ತಾರೆ ಈಗ."

ಮೆಟ್ಟಿಲ ಮೇಲೆಯೇ ಇದ್ದಳು. ಒಂದೊಂದು ಮೆಟ್ಟಿಲಿಗೂ ಒಂದೊಂದು ನಿಟ್ಟುಸಿರು ಬಿಟ್ಟು ಹತ್ತಿ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅರವತ್ತು ದಾಟಿದ ಹೆಂಗಸು. ಕತ್ತರಿಸಿದ ಬಿಳಿ ಕೂದಲು, ಗಂಡಸರ ಚಪ್ಪಲಿ, ತೋಳಿಗೆ ದೊಡ್ಡ ಕೈಚೀಲ. ಹಲ್ಲಿಲ್ಲದ ಬಾಯಿ ದಾರ ಬಿಗಿದ ಚೀಲದಂತೆ ಒಳಕ್ಕೆ ಸೇರಿಕೊಂಡಿತ್ತು. ಅವನು ಆ ಕಡೆ ನೋಡದೆ ಕುರ್ಚಿ ತೋರಿಸಿದ.

"ನೀವೇನಾ ಹಲ್ಲು ಮಾಡೋರು? ತಪ್ಪು ತಿಳ್ಕೋಬೇಡಿ. ಹಲ್ಲೇನೋ ಚೆನ್ನಾಗಿದೆ, ನನ್ನ ಸ್ವಂತದ್ದೂ ಇಷ್ಟು ಚೆನ್ನಾಗಿರಲಿಲ್ಲ. ಆದ್ರೆ ಹಾಕ್ಕೊಂಡು ಕೂಗಿದ್ರೆ ನಮ್ಮ ನಾಯಿ ತಿರುಗಿ ನೋಡಲ್ಲ. ಅದರ ಹೆಸರಲ್ಲಿ ಎರಡು 'ಸ' ಇದೆ. ಎರಡೂ ಸೀಟಿ ಹೊಡೆದ ಹಾಗೆ ಬರತ್ತೆ."

"ರೂಢಿಯಾಗತ್ತೆ."

"ಯಾರಿಗೆ, ನಾಯಿಗಾ?"

ಅವಳು ತಂದಿದ್ದ ಮೇಣದ ಸೆಟ್ಟನ್ನು ಅವನು ತಣ್ಣೀರಿನಲ್ಲಿ ಅದ್ದಿ ಕೊಟ್ಟ. ಅವಳು ಗೋಡೆಯ ಕಡೆ ತಿರುಗಿ ಬಾಯಿಗಿಟ್ಟುಕೊಂಡಳು. ಆ ಮರ್ಯಾದೆಗಾಗಿ ಅವನಿಗೆ ಸ್ವಲ್ಪ ಸಮಾಧಾನವಾಯಿತು. ಮೂವತ್ತು ವರ್ಷ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸಿದವಳಂತೆ, ಕಿರುಚಿ ಕಿರುಚಿ ಹಲ್ಲೆಲ್ಲ ಅಲ್ಲಾಡಿ ಹೋದವಂತೆ. ಅವಳ ಹಾಸ್ಯಕ್ಕೆ ಅವನು ನಗಲಿಲ್ಲ. ಸಾಸಿವೆ ಅನ್ನಿ, ಸಾವಿರ ಅನ್ನಿ, ಸರಸರ ಅನ್ನಿ ಎಂದ. ಅವಳು ಅಂದಳು. ಮುಂದಿನ ಎರಡು ಹಲ್ಲು ಕೂದಲೆಳೆಯಷ್ಟು ಹೊರಗಿವೆ ಅನ್ನಿಸಿತು. ತೆಗೆದುಕೊಂಡು, ಚಾಕುವಿನ ತುದಿ ಕಾಯಿಸಿ ಮೇಣ ಸಡಿಲಿಸಿ ಹಲ್ಲನ್ನು ಒಳಕ್ಕೆ ಒತ್ತುತ್ತಿದ್ದಾಗ, ಪಕ್ಕದ ಮೇಜಿನ ಪ್ಲಾಸ್ಟರ್ ಪುಡಿ ಫ್ಯಾನಿನ ಗಾಳಿಗೆ ಎದ್ದಿತು. ಅವಳು ಕೆಮ್ಮಿದಳು. ಎರಡು ಸಣ್ಣದು, ಒಂದು ಎಳೆದದ್ದು, ನುಂಗಿದ ಸದ್ದು. ಆಮೇಲೆ ಆ ಕೆಮ್ಮಿನ ಮೇಲೆಯೇ ರೇಗಿದವಳಂತೆ, "ಹ್ಞೂಂ."

ಅವನ ಕೈ ನಿಂತುಹೋಯಿತು. ಈಗ ಡ್ರಮ್ಮು ಬರಬೇಕು ಎಂದು ಅವನ ಮೈ ಕಾದಿತು. ಕೆಳಗೆ ಯಾರೋ ಸ್ಕೂಟರು ಶುರು ಮಾಡಿದರು, ಅಷ್ಟೆ. ಚಾಕುವಿನ ತುದಿಯಿಂದ ಮೇಣ ತೊಟ್ಟಿಕ್ಕಿ ಹೆಬ್ಬೆರಳ ಮೇಲೆ ಬಿದ್ದದ್ದು ತಡವಾಗಿ ತಿಳಿಯಿತು. ಹತ್ತೊಂಬತ್ತರ ವಯಸ್ಸಿನ ಆ ರಾತ್ರಿ ಕಣ್ಣೆದುರು ಬಂತು: ಹತ್ತಿಯ ಗೋದಾಮು, ತಗಡಿನ ಮಾಡು, ಒಂದೂ ಕಿಟಕಿಯಿಲ್ಲ, ಬೆವರಿನ ಹಬೆಯಲ್ಲಿ ಹಳದಿ ಬಲ್ಬು ಮಂಜಿನೊಳಗಿನ ದೀಪದಂತೆ. ಅವನು ಎಲ್ಲರಿಗಿಂತ ಮುಂದೆ, ಪೆಟ್ಟಿಗೆಗಳನ್ನು ಜೋಡಿಸಿ ಮಾಡಿದ ವೇದಿಕೆಗೆ ಎದೆ ಒತ್ತಿ ನಿಂತಿದ್ದ. ಮೂಳೆ ಎದ್ದು ಕಾಣುವ ಹುಡುಗಿ, ಕೆನ್ನೆ ಕೆಂಪು, ಕಣ್ಣು ಜ್ವರ ಬಂದವರಂತೆ ಹೊಳೆಯುತ್ತಿತ್ತು. ಹಾಡಿನ ನಡುವೆ ಬಗ್ಗಿ ನೇರ ಅವನ ಮುಖ ನೋಡಿ ಉಗಿದಳು. ಹಣೆಯ ಮೇಲೆ ಬಿತ್ತು, ಬೆಚ್ಚಗೆ. ಪಂಕ್ ಕೂಟದಲ್ಲಿ ಅದು ಪ್ರಸಾದವಿದ್ದ ಹಾಗೆ; ಸುತ್ತಲಿನವರು ಅವನ ಭುಜ ತಟ್ಟಿದರು. ಎರಡು ದಿನ ಹಣೆ ತೊಳೆಯಲಿಲ್ಲ. ಜೀವನದಲ್ಲಿ ಯಾರಾದರೂ ತನ್ನನ್ನು ಆರಿಸಿಕೊಂಡದ್ದಿದ್ದರೆ ಅದೊಂದೇ ಸಲ ಎಂದು ಅವನು ಹೆಂಡತಿಯ ಹತ್ತಿರವೂ ಹೇಳಿಕೊಂಡಿರಲಿಲ್ಲ.

"ಮುಳ್ಳು," ಎಂದ.

"ಎಲ್ಲಿ ಚುಚ್ಚಿತು?"

"ಅಲ್ಲ. ನೀವು. ನೀವು ಮುಳ್ಳು ಅಲ್ವಾ?"

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಕೈಯ ಹಿಂದಿನಿಂದಲೇ ನಕ್ಕಳು. "ಅಬ್ಬಾ. ಆ ಹೆಸರು ಇನ್ನೂ ಯಾರ ತಲೇಲಾದ್ರೂ ಇದೆಯಾ? ನನ್ನ ಮಗಳಿಗೇ ಗೊತ್ತಿಲ್ಲ ಕಣ್ರೀ. ಹೇಗೆ ಗೊತ್ತಾಯ್ತು?"

"ಕೆಮ್ಮಿದ್ರಲ್ಲ."

ಅವನು ಹೇಳುತ್ತ ಹೋದ. ಗೋದಾಮು, ರೆಕಾರ್ಡು, ಮೊದಲನೆಯ ಅಚ್ಚು, ಹಣೆ. ತನ್ನ ದನಿ ಹುಡುಗನ ದನಿಯಂತೆ ಮೇಲೇರುತ್ತಿರುವುದು ಕೇಳಿಸಿ ನಾಚಿಕೆಯಾದರೂ ನಿಲ್ಲಿಸಲಾಗಲಿಲ್ಲ. ಅವಳು ಖುಷಿಪಡುತ್ತಾಳೆಂದು ಕಾದಿದ್ದ. ಹಣೆಯ ಮಾತು ಬಂದಾಗ ಅವಳು ಮುಖ ಕಿವುಚಿದಳು. ಬೇಸಿನ್ನಿನ ಎದುರು ನಿಂತಾಗ ತಾನು ಕಿವುಚುವ ಹಾಗೆಯೇ.

"ಥೂ, ಎರಡು ದಿನ ತೊಳೀಲಿಲ್ವಾ? ಕೊಳಕು ಕಣ್ರೀ ಅದು." ತಲೆ ತಗ್ಗಿಸಿ ಚಪ್ಪಲಿಯಿಂದ ನೆಲದ ಪುಡಿಯನ್ನು ಬದಿಗೆ ಸರಿಸಿದಳು. "ಆ ಕೆಮ್ಮು ಹಾಡಿನ ಭಾಗ ಅಲ್ಲ. ನನಗೆ ಆಗ ಕ್ಷಯ ಆಗಿತ್ತು. ಗೊತ್ತೇ ಇರಲಿಲ್ಲ. ಸಂಜೆ ಆದ್ರೆ ಜ್ವರ, ನಾನು ಹಾಡಿನ ಕಾವು ಅಂದ್ಕೊಂಡಿದ್ದೆ. ಬಾಯಿ ತುಂಬ ಬರ್ತಿತ್ತು, ಉಗೀತಿದ್ದೆ. ನೀವೆಲ್ಲ ಕೂಗ್ತಿದ್ರಿ, ಸರಿ, ಇದೂ ಆಟದ್ದೇ ಅಂದ್ಕೊಂಡು ಇನ್ನಷ್ಟು ಉಗಿದೆ. ರೆಕಾರ್ಡು ಬಂದ ತಿಂಗಳೇ ರಕ್ತ ಬಿತ್ತು. ವರ್ಷಗಟ್ಟಲೆ ಆಸ್ಪತ್ರೆ. ಒಂದು ಮೂಲೇಲಿ ಗಾಯ ಒಣಗಿ ಹಾಗೇ ನಿಂತಿದೆ, ಧೂಳು ಕಂಡ್ರೆ ಕೆರಳತ್ತೆ." ತಲೆಯೆತ್ತಿದಳು. "ಆಮೇಲೆ ಅದೇ ಯೋಚನೆ ನನಗೆ. ಆ ಗೋದಾಮಲ್ಲಿ ಎಷ್ಟು ಮಕ್ಕಳಿದ್ರು. ನಿಮಗೇನೂ ಆಗಲಿಲ್ಲ ತಾನೆ?"

"ಇಲ್ಲ."

"ಮನೇಲಿ ಯಾರಿಗಾದ್ರೂ?"

"ಇಲ್ಲ," ಎಂದ. ಅಷ್ಟು ಸಲೀಸಾಗಿ ಬಂದ ಸುಳ್ಳಿಗೆ ಅವನೇ ಬೆರಗಾದ. ಅವಳ ಭುಜಗಳು ಸಡಿಲವಾದವು. ಹಲ್ಲು ಇಟ್ಟುಕೊಂಡು, ಗೋಡೆಯ ಕಡೆ ತಿರುಗಿ ನಾಯಿಯ ಹೆಸರನ್ನು ಮೆಲ್ಲಗೆ ಕರೆದು ನೋಡಿದಳು. ಎರಡು 'ಸ'ಗಳೂ ಸರಿಯಾಗಿ ಬಂದವು. "ಪುಣ್ಯಾತ್ಮರು ನೀವು," ಎಂದು ಅವನ ಮೊಣಕೈ ಮುಟ್ಟಿ, ಒಂದೊಂದೇ ಮೆಟ್ಟಿಲಿಳಿದು ಹೋದಳು. ಅವನು ಹೋಗಿ ಮೊಣಕೈ ತೊಳೆದುಕೊಂಡ. ತೊಳೆದದ್ದು ಯಾಕೆಂದು ತೊಳೆದ ಮೇಲೆ ಯೋಚಿಸಿದ.

ಮತ್ತೆ ಕೆಲಸಕ್ಕೆ ಕೂತರೆ ಆ ರಾತ್ರಿಯೇ ನೆನಪಾಯಿತು. ಗೋದಾಮಿನಿಂದ ಮನೆಗೆ ಬಂದಾಗ ತಮ್ಮ ಎಚ್ಚರವಾಗಿದ್ದ. ಒಂದೇ ಕೋಣೆಯಲ್ಲಿ ಎದುರುಬದುರು ಎರಡು ಮಂಚ. ಅವನು ತಮ್ಮನ ಮಂಚದ ಮೇಲೆ ಕೂತು, ನೋಡು, ಅವಳು ನನ್ನ ಮೇಲೆಯೇ ಉಗಿದಳು, ಮುಟ್ಟಿ ನೋಡು ಎಂದಿದ್ದ. ಒಲ್ಲೆ ಎಂದವನ ಕೈ ಹಿಡಿದು, ಬೆರಳನ್ನು ತನ್ನ ಹಣೆಯ ಮೇಲಿನ ಒಣಗಿದ ಪೊರೆಗೆ ಒತ್ತಿದ್ದ. ಆಗ ತಮ್ಮನಿಗೆ ಹದಿನಾರು. ಈಜುಕೊಳದ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ನೀರಿನಡಿ ಹೋಗುತ್ತಿದ್ದ ಹುಡುಗ; ತಲೆ ಎತ್ತುವವರೆಗೂ ದಡದಲ್ಲಿ ನಿಂತವರೆಲ್ಲ ಉಸಿರು ಹಿಡಿಯುತ್ತಿದ್ದರು. ಮಾರನೆಯ ವರ್ಷ ಅರ್ಧ ಕೊಳಕ್ಕೇ ಎದ್ದು ಕೆಮ್ಮತೊಡಗಿದ; ಕ್ಷಯ ಎಂದರು ಡಾಕ್ಟರು. ಎಲ್ಲಿಂದ ಹತ್ತಿತೋ ಎಂದು ಅಮ್ಮ ಹಾಲಿನವನಿಂದ ಹಿಡಿದು ಎಲ್ಲರನ್ನೂ ಬೈದಳು. ಪ್ಲಾಸ್ಟರ್ ದವಡೆಗಳ ಸಾಲಿನ ಎದುರು ಕೂತು ಅವನು ಸಂಜೆಯವರೆಗೂ ಲೆಕ್ಕ ಕೂಡಿಸಿ ಕಳೆದ. ಎಲ್ಲ ಸಲವೂ ಉತ್ತರ ಅವನ ಹಣೆಗೇ ಬಂದು ನಿಂತಿತು. ಕಪಾಟಿನಲ್ಲಿ ಕವರು ಹಾಕಿಟ್ಟು ಪೂಜಿಸಿದ್ದು ತಮ್ಮನ ಎದೆ ತಿಂದ ಹುಳದ ಸದ್ದನ್ನೇ. ಅಸಹ್ಯ ಉಕ್ಕಿ ಬಂದು, ಬಾಗಿಲಿಗೆ ಬೀಗ ಹಾಕಿ ಹೊರಟ. ಆದರೆ ನಡೆಯುತ್ತ ನಡೆಯುತ್ತ, ಆ ಅಸಹ್ಯದ ಅಡಿಯಲ್ಲಿ ಇನ್ನೇನೋ ಅಲುಗಾಡಿದಂತಾಯಿತು. ನಾಚಿಕೆಗೇಡಿನ ಒಂದು ಬಗೆಯ ಸಡಗರ. ತನ್ನ ಬದುಕಿಗೂ ಮುಳ್ಳಿನ ಬದುಕಿಗೂ ನಡುವೆ ಯಾರಿಗೂ ಇಲ್ಲದ ಒಂದು ಗಂಟು ಬಿದ್ದಿತ್ತೆಂಬ ಸಡಗರ. ಅದನ್ನು ಕಂಡದ್ದೇ ಅವನು ರಸ್ತೆಯ ನಡುವೆ ನಿಂತ. ಹಿಂದಿನಿಂದ ಬಂದ ಸೈಕಲ್ಲಿನವನು ಬೈದು ಪಕ್ಕಕ್ಕೆ ಸರಿದ.

ಈಜುಕೊಳ ಮುಚ್ಚುವ ಹೊತ್ತು. ಕೊನೆಯ ಹೆಂಗಸರು ಒದ್ದೆ ಕೂದಲು ಹಿಂಡಿಕೊಂಡು ಹೊರಗೆ ಬರುತ್ತಿದ್ದರು. ಅವನು ಇಲ್ಲಿ ಕಾಲಿಟ್ಟು ಎಷ್ಟು ವರ್ಷವಾಯಿತೋ. ಔಷಧಿಯ ಘಾಟು, ಅದರಡಿ ಒದ್ದೆ ಪಾದಗಳ, ಹಳೆಯ ಟವೆಲುಗಳ, ಮೂತ್ರದ ವಾಸನೆ. ಪ್ಯಾಂಟು ಮೊಣಕಾಲಿಗೆ ಮಡಿಸಿಕೊಂಡು ತಮ್ಮ ಉದ್ದ ಕೋಲಿನ ಬಲೆಯಿಂದ ನೀರಿನ ಮೇಲಿನ ಕಸ ಎಳೆಯುತ್ತಿದ್ದ.

"ಏನಣ್ಣ, ಇಲ್ಲಿ? ಅತ್ತಿಗೆ ಹುಷಾರಾಗಿದಾರೆ ತಾನೆ?"

"ಹುಷಾರಾಗಿದಾಳೆ. ನಿನ್ನ ಹತ್ರ ಮಾತಾಡ್ಬೇಕು."

ಬೂಟಿನಲ್ಲೇ ಒದ್ದೆ ಟೈಲಿನ ಮೇಲೆ ನಿಂತು ಎಲ್ಲವನ್ನೂ ಹೇಳಿದ. ಮುಳ್ಳು ಬಂದದ್ದು, ಕೆಮ್ಮಿದ್ದು, ಕ್ಷಯ, ಹಣೆ, ಬೆರಳು. ತಮ್ಮ ಬಲೆ ಎಳೆಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಬಲೆಯನ್ನು ಅಂಚಿಗೆ ಕುಟ್ಟಿ, ಎಲೆಗಳನ್ನೂ ಸತ್ತ ಜೀರುಂಡೆಯನ್ನೂ ಕೊಡವಿದ.

"ಆ ವರ್ಷ ನಮ್ಮ ಬೀದೀಲಿ ಐದಾರು ಜನಕ್ಕೆ ಬಂದಿತ್ತು. ಮೂಲೆ ಮನೆ ಟೈಲರಿಗೆ ಬಂತು. ನಮ್ಮ ಡ್ರಿಲ್ ಮೇಷ್ಟ್ರಿಗೆ ಬಂತು. ಅವರ ಮೇಲೂ ಉಗಿದಿದ್ಳಾ ನಿನ್ನ ಹಾಡುಗಾರ್ತಿ?"

"ನಿನ್ನ ಕೈ ಹಿಡಿದು ಮುಟ್ಟಿಸಿದ್ದೆ ನಾನು."

"ಗೊತ್ತು. ಎದ್ದು ಹೋಗಿ ಸೋಪು ಹಾಕಿ ತೊಳ್ಕೊಂಡೆ. ನಿನ್ನ ತಲೆ ಕೆಟ್ಟಿದೆ ಅಂತ ಅವತ್ತೇ ಗೊತ್ತಾಗಿತ್ತು."

"ತಮಾಷೆ ಅಲ್ಲ ಕಣೋ. ನನ್ನಿಂದ್ಲೇ ನಿನಗೆ ಹತ್ತಿದ್ದು. ನಿನ್ನ ಈಜು, ನಿನ್ನ ಮದುವೆ, ಎಲ್ಲ..."

ತಮ್ಮ ಕೋಲನ್ನು ಗೋಡೆಗೆ ಒರಗಿಸಿದ. ತಿರುಗಿದಾಗ ಅವನ ಮುಖದಲ್ಲಿ ಅಣ್ಣ ಎಂದೂ ನೋಡಿರದ ಏನೋ ಇತ್ತು. ಜಗಳದ ಸಿಟ್ಟಲ್ಲ. ತಿನ್ನಲು ಬಾಯಿಗಿಟ್ಟದ್ದು ಹಳಸಿದೆಯೆಂದು ತಿಳಿದವನ ಮುಖ.

"ನೋಡು, ನನ್ನ ಕಾಯಿಲೆ ನಂದು. ಅದನ್ನೂ ತಗೊಂಡು ಹೋಗಿ ಕವರ್ ಹಾಕಿ ಇಟ್ಕೋಬೇಡ."

ಅವನು ಒಂದು ಹೆಜ್ಜೆ ಹಿಂದಿಟ್ಟ. ತಮ್ಮ ಬಿಡಲಿಲ್ಲ.

"ನಾನು ಆಸ್ಪತ್ರೆಯಿಂದ ಬಂದ ದಿನ ನನ್ನ ಮಂಚ ಎಲ್ಲಿತ್ತು?"

ನೀರು ಟೈಲಿಗೆ ತಟತಟ ಬಡಿಯುತ್ತಿತ್ತು.

"ಕೇಳ್ತಿದೀನಿ. ಎಲ್ಲಿತ್ತು?"

"ಹಿಂದುಗಡೆ. ಸಾಮಾನಿನ ಕೋಣೇಲಿ."

"ಗಾಳಿ ಬೆಳಕು ಬೇಕು ಅಂತ ಹೇಳಿ ಕಳಿಸಿದ್ರು ಡಾಕ್ಟರು. ಅಲ್ಲಿ ಕಿಟಕೀನೇ ಇಲ್ಲ. ಕಿಟಕಿ ಪಕ್ಕ ನನ್ನ ಮಂಚ ಇದ್ದ ಜಾಗದಲ್ಲಿ ಏನಿತ್ತು?"

"ಶೆಲ್ಫು."

"ಅಮ್ಮನ್ನ ಕೇಳಿದೆ. ಅಣ್ಣ ಒಂಟಿ ಆಗಿದ್ದ, ಏನೋ ಇಟ್ಕೊಂಡಿದಾನೆ, ಇರಲಿ ಬಿಡು ಅಂದ್ಲು. ಇರಲಿ ಅಂತ ಬಿಟ್ಟೆ. ಇನ್ನೂ ಅಲ್ಲೇ ಮಲಗ್ತಿದೀನಿ. ಆಸ್ಪತ್ರೆಗೆ ನೀನು ಬಂದಿದ್ದು ಎರಡೇ ಸಲ, ಬಂದಾಗೆಲ್ಲ ಮೂಗಿಗೆ ಕರ್ಚೀಫು. ಅದನ್ನ ಹೇಳೋಕೆ ಬಂದಿದ್ರೆ ಕೂತು ಕೇಳ್ತಿದ್ದೆ. ಇದು ಬೇಡ. ಇದು ನಿನಗೆ ಚೆಂದ ಕಾಣತ್ತೆ, ಅದಕ್ಕೇ ಓಡಿ ಬಂದಿದೀಯ."

ತಮ್ಮನೇನೂ ದನಿ ಎತ್ತಿರಲಿಲ್ಲ. ಅಣ್ಣನಿಗೆ ಮಂಚ ಸಾಗಿಸಿದ ದಿನದ ಬೆಳಕು ನೆನಪಾಯಿತು. ಮಂಚದ ಬೋಲ್ಟು ಬಿಚ್ಚುತ್ತ ಮಂಡಿಯೂರಿ ಕೂತಿದ್ದಾಗ ಕಿಟಕಿಯಿಂದ ನೆಲಕ್ಕೆ ಬಿದ್ದ ಚೌಕ ಬಿಸಿಲು. ಶೆಲ್ಫಿಗೆ ಬಿಸಿಲು ತಾಗುತ್ತದೆಂದು ಆ ಕಿಟಕಿಗೆ ತಾನೇ ಹಲಗೆ ಹೊಡೆದದ್ದು. ಮರೆತಿರಲಿಲ್ಲ. ಮರೆಯಬೇಕಾದಷ್ಟು ದೊಡ್ಡ ಸಂಗತಿಯೆಂದು ಅದು ಎಂದೂ ಅನ್ನಿಸಿರಲೇ ಇಲ್ಲ.

"ಇವತ್ತೇ ಆ ಕೋಣೆ ಖಾಲಿ ಮಾಡ್ತೀನಿ," ಎಂದ.

"ಬೇಡ. ಈಗ ಅದರಲ್ಲಿ ನನಗೆ ನಿದ್ದೆ ಬರಲ್ಲ." ತಮ್ಮ ಕೊಳದ ಅಂಚಿನ ಕಡೆ ಬೆರಳು ತೋರಿಸಿದ. "ಬಂದಿದೀಯಲ್ಲ, ಒಂದು ಕೆಲಸ ಮಾಡು. ಆ ಜಾಲರಿ ಕಟ್ಟಿದೆ, ನೀರು ಇಳೀತಿಲ್ಲ. ಕಾವಲಿನವನು ತೆಗೀತಿದ್ದ, ಇವತ್ತು ರಜೆ. ನಾನು ತಲೆ ಬಗ್ಗಿಸಿದ್ರೆ ಉಸಿರು ಹಿಡ್ಕೊಳ್ಳತ್ತೆ."

ಅವನು ಬೂಟು ಕಳಚಿದ, ಕಾಲುಚೀಲ ಕಳಚಿದ, ಅಂಗಿಯ ತೋಳು ಭುಜದವರೆಗೆ ಮಡಿಸಿದ. ಒದ್ದೆ ಟೈಲಿನ ಮೇಲೆ ಬೋರಲಾಗಿ ಮಲಗಿ ಜಾಲರಿ ಎತ್ತಿ ಪಕ್ಕಕ್ಕಿಟ್ಟ. ಒಳಗೆ ಕತ್ತಲು, ಬೆಚ್ಚನೆಯ ಕೊಳೆತ ಉಸಿರು. ಕೈ ಇಳಿಬಿಟ್ಟರೆ ಮೊದಲು ತಾಗಿದ್ದು ಗಾಯಕ್ಕೆ ಅಂಟಿಸುವ ಪಟ್ಟಿ, ಆಮೇಲೆ ಲೋಳೆ, ಅದರಡಿ ಕೂದಲು, ಯಾರಯಾರದೋ ಉದ್ದ ಕೂದಲು ಹೆಣೆದುಕೊಂಡು ದಪ್ಪ ಇಲಿಯಂತಾಗಿ ಕೂತಿತ್ತು. ಮುಖ ಪಕ್ಕಕ್ಕೆ ಹೊರಳಿಸಿ, ಕೆನ್ನೆಯನ್ನು ಟೈಲಿಗೆ ಒತ್ತಿಕೊಂಡ. ಆ ಕಡೆಯಿಂದ ತಮ್ಮನ ಬರಿಗಾಲುಗಳು ಮಾತ್ರ ಕಾಣುತ್ತಿದ್ದವು, ನೀರು ಹೀರಿ ಸುಕ್ಕಾದ ಬಿಳಿ ಬೆರಳುಗಳು. ಇಷ್ಟು ಹತ್ತಿರದಿಂದ ಅವನ್ನು ಎಂದೂ ನೋಡಿರಲಿಲ್ಲ.

"ಸಿಕ್ತಾ?"

"ಸಿಕ್ಕಿದೆ. ಬರ್ತಿಲ್ಲ."

"ತುದಿ ಹಿಡಿದು ಎಳೀಬೇಡ, ತುಂಡಾಗತ್ತೆ. ಇನ್ನೂ ಕೆಳಗೆ ಕೈ ಹಾಕು. ಅದರ ಬುಡಕ್ಕೆ."

ಅವನು ಭುಜ ನೆಲಕ್ಕೆ ತಾಗುವವರೆಗೂ ಕೈ ಇಳಿಸಿ, ಬುಡಕ್ಕೆ ಬೆರಳು ಸುತ್ತಿ ಎಳೆದ. ಮುದ್ದೆ ಸಡಿಲಗೊಂಡು ಚಪ್ ಎಂದು ಕೈಗೆ ಬಂತು. ನೀರು ಸುಳಿ ತಿರುಗಿಕೊಂಡು ಕೆಳಗೆ ಧುಮುಕಿತು. ಅವನು ಮಂಡಿಯೂರಿ ಎದ್ದು, ತೊಟ್ಟಿಕ್ಕುತ್ತಿದ್ದ ಅದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಎತ್ತಿ ಹಿಡಿದುಕೊಂಡಿದ್ದ. ತಮ್ಮ ಕಸದ ಡಬ್ಬಿಯನ್ನು ಕಾಲಿನಿಂದ ಅವನ ಕಡೆ ತಳ್ಳಿದ.

"ಆ ತುದೀಲಿ ಇನ್ನೊಂದಿದೆ," ಎಂದ.